ಎರೆಮಣ್ಣು ಮತ್ತು ಮಾವನವರ ಧೋತರ

ಗದಗ, 16 ಜೂನ್ 2024, ರವಿವಾರ

ಹೆಸರುಕಾಳು ಬಿತ್ತಿ ಮಾವನವರು ನಿನ್ನೆ ಸಂಜೆ ಹೊಲದಿಂದ ಬಂದಾಗ ಧೋತರ ಮೊಣಕಾಲಿನವರೆಗೆ ಕಪ್ಪಾಗಿತ್ತು. ಅಂಚಿನಲ್ಲಿ ರಕ್ತದ ಕಲೆಯೂ ಇತ್ತು. ಕೂರಿಗೆಯ ಹಗ್ಗ ಬಿಗಿಯುವಾಗ ಬೆರಳು ತರಚಿತ್ತಂತೆ.

ಹೋದ ವರ್ಷ ಇಂಥದೇ ಕಲೆಗೆ ಹಂಡೆಯ ಕುದಿನೀರು ಸುರಿದು ಹೊಸ ಧೋತರವೊಂದನ್ನು ಕೆಡಿಸಿದ್ದೆ. ರಕ್ತದಲ್ಲಿರುವ ಪ್ರೋಟೀನ್ ಬಿಸಿ ತಾಗಿದರೆ ಮೊಟ್ಟೆಯ ಬಿಳಿಯಂತೆ ಗಟ್ಟಿಯಾಗಿ ನೂಲಿಗೆ ಕಚ್ಚಿಕೊಳ್ಳುತ್ತದೆ. ಆ ಕಂದು ಕಲೆ ಇಂದಿಗೂ ಹೋಗಿಲ್ಲ. ಮಾವನವರು ಒಂದು ಮಾತೂ ಆಡದೆ ಅದನ್ನೇ ಉಡುತ್ತಾರೆ. ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಈ ಸಲ ರಾತ್ರಿಯೇ ಅಂಚನ್ನಷ್ಟೇ ತಣ್ಣೀರಿನಲ್ಲಿ ನೆನೆಹಾಕಿದೆ. ಬೆಳಿಗ್ಗೆ ಸಾಬೂನು ಹಚ್ಚಿ ತಿಕ್ಕಿದೆ, ಕಲೆ ಬಿಟ್ಟಿತು.

ಎರೆಮಣ್ಣಿನ ಕಣ ಬಹಳ ನುಣುಪು. ಹಸಿಯಿದ್ದಾಗ ತಿಕ್ಕಿದರೆ ನೂಲಿನೊಳಕ್ಕೇ ಇಳಿಯುತ್ತದೆ. ಒಣಗಿದ ಮೇಲೆ ಕೊಡವಬೇಕೆಂದು ಅತ್ತೆಯವರು ಮೊದಲಿನಿಂದಲೂ ಹೇಳುತ್ತಿದ್ದರು. ಇಂದು ಹಾಗೆಯೇ ಮಾಡಿದೆ. ಕಟ್ಟೆಯ ಮೇಲೆ ಒಂದು ಬೊಗಸೆ ಮಣ್ಣು ಉದುರಿತು.

ಆಮೇಲೆ ಯಂತ್ರದ ಸರದಿ. ಅದರ ಮೇಲೆ 7 ಕಿಲೋ ಎಂದು ಬರೆದಿದೆಯೆಂದು ಇಷ್ಟು ದಿನ ವಾರದ ಬಟ್ಟೆಯನ್ನೆಲ್ಲ ಒತ್ತಿ ತುಂಬುತ್ತಿದ್ದೆ. ಬಿಳಿಯ ಬಟ್ಟೆ ಮಾಸಲಾದಾಗ ಪುಡಿ ಸಾಲದೆಂದು ಇನ್ನೊಂದು ಚಮಚ ಹಾಕುತ್ತಿದ್ದೆ. ತಪ್ಪು ಪುಡಿಯದಾಗಿರಲಿಲ್ಲ. ಬಟ್ಟೆ ಹೊರಳಾಡಲು ಜಾಗವಿಲ್ಲದಿದ್ದರೆ ಕೊಳೆ ಬಿಡುವುದಿಲ್ಲ; ಬಿಟ್ಟಷ್ಟೂ ತೊಳೆದು ಹೋಗದೆ ಪಕ್ಕದ ಬಟ್ಟೆಯ ಮೇಲೆ ಕೂರುತ್ತದೆ. ಹೆಚ್ಚಾದ ಪುಡಿಯೋ, ಜಾಲಾಡಿಸಿದರೂ ಬಟ್ಟೆಯಲ್ಲೇ ಉಳಿದು ಟವೆಲ್ಲನ್ನು ಬಿರುಸು ಮಾಡುತ್ತದೆ.

ಇಂದು ಹಾಕಿದ್ದು ಎರಡು ಧೋತರ, ಮೂರು ಅಂಗಿ ಮಾತ್ರ. ನೀರು 40 ಡಿಗ್ರಿ. ಪುಡಿಯಲ್ಲಿರುವ, ಕಲೆಯನ್ನು ಒಡೆಯುವ ಕಿಣ್ವಗಳಿಗೆ (ಎನ್‌ಜೈಮ್) ಆ ಬೆಚ್ಚಗಿನ ಹದವೇ ಬೇಕು. ಕುದಿನೀರಿನಲ್ಲಿ ಅವು ಕೆಟ್ಟುಹೋಗುತ್ತವೆ. ನಳಕ್ಕೆ ನೀರು ಬಂದಿದ್ದರಿಂದ ಪುಡಿಯನ್ನೂ ಕಡಿಮೆ ಹಾಕಿದೆ. ಬೋರ್‌ವೆಲ್ಲಿನ ಸವಳು ನೀರಾದರೆ ಹಾಗೆ ಮಾಡಲಾಗುವುದಿಲ್ಲ; ಅದರಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಪುಡಿಯ ಅರ್ಧ ಕಸುವನ್ನು ಮೊದಲೇ ನುಂಗಿಬಿಡುತ್ತವೆ ಎನಿಸುತ್ತದೆ, ಅಷ್ಟು ಕಡಿಮೆ ನೊರೆ ಬರುತ್ತದೆ.

ಮಧ್ಯಾಹ್ನ ಹಗ್ಗದ ಮೇಲೆ ಒಣಗುತ್ತಿದ್ದ ಧೋತರದ ಅಂಚನ್ನು ಮಾವನವರು ಹಿಡಿದು, ತಿರುವಿ ನೋಡಿದರು. "ನಾಳೆ ಸೋಮವಾರ. ತ್ರಿಕೂಟೇಶ್ವರನ ಗುಡಿಗೆ ಇದನ್ನೇ ಉಟ್ಟು ಹೋಗುತ್ತೇನೆ, ಮಡಿಚಿಡಮ್ಮ" ಎಂದರು.