ಕೋಶದ ನಡುವಿನಿಂದ ಅಷ್ಟು ದೂರ

22 ಜನವರಿ 2025, ಬುಧವಾರ
ದಾವಣಗೆರೆ

ಇವತ್ತು ಫಸ್ಟ್ ಪಿಯು ಕ್ಲಾಸಿನಲ್ಲಿ ನರಕೋಶದ ಚಿತ್ರ ಬರೆಸುತ್ತಿದ್ದೆ. ಜಗಳೂರು ಕಡೆಯಿಂದ ಬರುವ ಹುಡುಗಿಯೊಬ್ಬಳು ಎದ್ದು ನಿಂತಳು. "ಮೇಡಂ, ಬೆನ್ನುಹುರಿಯಿಂದ ಪಾದದವರೆಗೂ ಒಂದೇ ಕೋಶ ಅಂದ್ರಲ್ಲ, ತುದಿಯಲ್ಲಿ ಪ್ರೋಟೀನ್ ಬೇಕಾದ್ರೆ ಅಲ್ಲಿಗೆ ಬರೋಕೆ ಎಷ್ಟು ದಿನ ಬೇಕು?"

ಎಂಥ ಪ್ರಶ್ನೆ ನೋಡಿ! ಕೋಶದಿಂದ ಪಾದದವರೆಗೆ ಹೋಗುವ ಆ ಎಳೆ ಸುಮಾರು 1 ಮೀಟರ್ ಉದ್ದ. ನಿಧಾನವಾಗಿ ಸಾಗುವ ಪ್ರೋಟೀನುಗಳು ದಿನಕ್ಕೆ ಕೆಲವೇ ಮಿಲಿಮೀಟರ್ ಹೋಗುತ್ತವೆ. ಅಂದರೆ ತಿಂಗಳುಗಟ್ಟಲೆ ಬೇಕು. ಬೋರ್ಡ್ ಮೇಲೆ ಲೆಕ್ಕ ಹಾಕಿದಾಗ ಹಿಂದಿನ ಬೆಂಚಿನವರೂ ಪೆನ್ನು ಕೆಳಗಿಟ್ಟು ನೋಡುತ್ತಿದ್ದರು.

ಸಿಲೆಬಸ್‌ನಲ್ಲಿ ಇಲ್ಲದಿದ್ದರೂ ಹೇಳಿದೆ. ಎಲ್ಲ ಪ್ರೋಟೀನೂ ಕೋಶದ ನಡುವಿನಿಂದಲೇ ಬರಬೇಕಿಲ್ಲ. ಪ್ರೋಟೀನಿನ ಸೂಚನೆ ಇರುವ ಎಂಆರ್‌ಎನ್‌ಎ ಕೋಶದ ಕವಲುಗಳಿಗೆ ಮೊದಲೇ ಹೋಗಿ ಕೂತಿರುತ್ತದೆ. ದಾರಿಯುದ್ದಕ್ಕೂ ಬೇರೆ ಪ್ರೋಟೀನುಗಳು ಅದನ್ನು ಸುತ್ತಿಕೊಂಡು ಸುಮ್ಮನಿರಿಸುತ್ತವೆ. ಪಕ್ಕದ ನರಕೋಶದಿಂದ ಸಂದೇಶ ಬಂದಾಗ ಮಾತ್ರ ಅಲ್ಲೇ ತಯಾರಿ ಶುರು. ನಮ್ಮೂರಲ್ಲಿ ಖಾರ ಮಂಡಕ್ಕಿಯನ್ನು ಯಾರೂ ಬೆಳಿಗ್ಗೆಯೇ ಕಲಸಿಡೋದಿಲ್ಲ, ಗಿರಾಕಿ ಕೇಳಿದ ಮೇಲೇ ಕಲಸೋದು, ಅಲ್ವಾ?

1982ರಲ್ಲಿ ವಿಜ್ಞಾನಿಗಳಾದ ಆಸ್ವಾಲ್ಡ್ ಸ್ಟುವರ್ಡ್ ಮತ್ತು ವಿಲಿಯಂ ಲೆವಿ ಇಲಿಯ ಮೆದುಳನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಕವಲುಗಳ ಮೇಲೆ ಸಂದೇಶ ಬಂದು ತಲುಪುವ ಸಣ್ಣ ಮುಳ್ಳುಗಳಿರುತ್ತವೆ. ಆ ಮುಳ್ಳಿನ ಬುಡದಲ್ಲೇ ಪ್ರೋಟೀನ್ ತಯಾರಿಸುವ ರೈಬೋಸೋಮುಗಳು ಗುಂಪುಗುಂಪಾಗಿ ಕೂತಿದ್ದವು. 1996ರಲ್ಲಿ ಕಾಂಗ್ ಮತ್ತು ಎರಿನ್ ಶೂಮನ್ ಕವಲುಗಳನ್ನು ಕೋಶದ ನಡುಭಾಗದಿಂದ ಕತ್ತರಿಸಿಯೇ ಬಿಟ್ಟರು. ಆದರೂ ಬಿಡಿಎನ್‌ಎಫ್ ಅನ್ನೋ, ನರಕೋಶಗಳ ಬೆಳವಣಿಗೆಗೆ ನೆರವಾಗುವ ಪ್ರೋಟೀನು ಕೊಟ್ಟಾಗ ನರಕೋಶಗಳ ನಡುವಿನ ಸಂಪರ್ಕಗಳು ಗಟ್ಟಿಯಾದವು. ಪ್ರೋಟೀನ್ ತಯಾರಿ ತಡೆಯುವ ಔಷಧಿ ಹಾಕಿದರೆ ಮಾತ್ರ ಆಗಲಿಲ್ಲ. ಈ ಪ್ರಯೋಗ ನನಗೆ ತುಂಬಾ ಇಷ್ಟ. 2012ರ ಹೊತ್ತಿಗೆ ಇಲಿಯ ಮೆದುಳಿನಲ್ಲಿ ನೆನಪಿಗೆ ಬೇಕಾದ ಹಿಪ್ಪೊಕ್ಯಾಂಪಸ್‌ನ ಕವಲುಗಳಿರುವ ಭಾಗದಲ್ಲಿ 2,550 ಬಗೆಯ ಎಂಆರ್‌ಎನ್‌ಎ ಸಿಕ್ಕಿದ್ದವು.

ಆದರೆ ನನ್ನ ಮನಸ್ಸು ಇವತ್ತೆಲ್ಲ ಇರೋದು ಈ ತಯಾರಿಯ ಬ್ರೇಕಿನ ಮೇಲೆ. ಎಫ್‌ಎಂಆರ್‌ಪಿ ಅನ್ನೋ ಪ್ರೋಟೀನು ಎಂಆರ್‌ಎನ್‌ಎಗೆ ಅಂಟಿಕೊಂಡು ತಯಾರಿಯನ್ನು ತಡೆದಿಡುತ್ತದೆ. ಸಂದೇಶ ಬಂದಾಗ ಈ ಪ್ರೋಟೀನಿನ ಮೇಲಿರುವ ಫಾಸ್ಫೇಟ್ ಅನ್ನೋ ಸಣ್ಣ ರಾಸಾಯನಿಕ ತುಣುಕು ಕಳಚುತ್ತದೆ, ಹಿಡಿತ ಸಡಿಲವಾಗುತ್ತದೆ. ಅದರ ಜೀನ್ ಎಕ್ಸ್ ಕ್ರೋಮೋಸೋಮಿನಲ್ಲಿದೆ, 1991ರಲ್ಲಿ ಪತ್ತೆಯಾಯಿತು. ಅದರಲ್ಲಿ ಸಿಜಿಜಿ ಅನ್ನುವ ಡಿಎನ್ಎ ಮೂರಕ್ಷರ 200ಕ್ಕಿಂತ ಜಾಸ್ತಿ ಸಲ ಬಂದರೆ ಜೀನ್ ಮುಚ್ಚಿಹೋಗುತ್ತದೆ. ಬ್ರೇಕ್ ಇಲ್ಲದೆ ಪ್ರೋಟೀನ್ ತಯಾರಿ ಹೆಚ್ಚಾಗುತ್ತದೆ. ಇದೇ ಫ್ರಜೈಲ್ ಎಕ್ಸ್ ಅನ್ನೋ ಅನುವಂಶಿಕ ಕಾಯಿಲೆ. ಗಂಡುಮಕ್ಕಳಲ್ಲಿ ತೊಂದರೆ ಜಾಸ್ತಿ. ಮಾತು ತಡವಾಗುತ್ತದೆ, ಕಲಿಕೆ ಕಷ್ಟ, ಕಣ್ಣಲ್ಲಿ ಕಣ್ಣಿಟ್ಟು ನೋಡೋದಿಲ್ಲ, ಸಣ್ಣ ಗದ್ದಲಕ್ಕೂ ಹೆದರಿಕೆ.

ನಮ್ಮ ಬೀದಿಯಲ್ಲಿ ಇಂಥದೇ ಲಕ್ಷಣಗಳಿರುವ ಹುಡುಗನಿದ್ದಾನೆ. ಕುಕ್ಕರ್ ಕೂಗಿದರೆ ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡು ಗೋಡೆಗೆ ಒರಗುತ್ತಾನೆ. "ಅಕ್ಕಾ, ನಾನು ಸರಿಯಾಗಿ ಬೆಳೆಸಿಲ್ಲ ಅಂತಾರೆ" ಎಂದು ಅವನ ತಾಯಿ ಸಂಜೆ ಬಂದು ಅತ್ತಳು. ನನಗೆ ಸಿಟ್ಟು ಬಂತು, ಅನ್ನುವವರ ಮೇಲೆ. ಬೆಳೆಸೋದಕ್ಕೂ ಫ್ರಜೈಲ್ ಎಕ್ಸ್ ಬರೋದಕ್ಕೂ ಸಂಬಂಧವೇ ಇಲ್ಲ. ಅವನಿಗಿರುವುದು ಇದೇನಾ ಅಂತ ಹೇಳಬೇಕಾದವರು ಡಾಕ್ಟರು. ರಕ್ತದಿಂದ ಡಿಎನ್‌ಎ ಪರೀಕ್ಷೆ ಮಾಡಿದರೆ ಗೊತ್ತಾಗುತ್ತದೆ ಎಂದೆ.

"ಗುಳಿಗೆ ಇದೆಯಾ?" ಎಂದು ಕೇಳಿದಳು. ಪ್ರೋಟೀನಿನ ಅತಿ ತಯಾರಿಯನ್ನು ತಗ್ಗಿಸುವ ಔಷಧಿಗಳು ಇಲಿಗಳಲ್ಲಿ ಕೆಲಸ ಮಾಡಿದ್ದವು, ಮನುಷ್ಯರಲ್ಲಿ ದೊಡ್ಡ ಪ್ರಯೋಗಗಳು ಕೈಕೊಟ್ಟವು. ಅದನ್ನೂ ಮುಚ್ಚಿಡದೆ ಹೇಳಿದೆ. ಮಾತಿನ ತರಬೇತಿ, ಸ್ಪೆಷಲ್ ಟೀಚರ್ ಸಹಾಯ ಈಗಲೇ ಶುರು ಮಾಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ಗೆ ಹೋಗುವಾಗ ಮಗುವಿನ ಹಳೆ ಚೀಟಿಗಳನ್ನೆಲ್ಲ ಒಂದು ಫೈಲಿನಲ್ಲಿ ಹಾಕಿಕೊಂಡು ಹೋಗು ಅಂತ ಹೇಳಿ, ಮನೆಯಲ್ಲಿದ್ದ ಖಾಲಿ ಫೈಲ್ ಕೊಟ್ಟು ಕಳಿಸಿದೆ.