‘ಕರ್ನಾಟಕ ವಾರ್ತೆ’ ಎಂಬ ಕಂಸದ ಒಳಗೂ ಹೊರಗೂ

ಜಿಲ್ಲಾ ವಾರ್ತಾ ಕಚೇರಿಯಿಂದ ಹೊರಡುವ ಪತ್ರಿಕಾ ಪ್ರಕಟಣೆಗಳೆಲ್ಲ ಶುರುವಾಗುವುದು ಒಂದೇ ಥರ: ಊರಿನ ಹೆಸರು, ತಾರೀಖು, ಕಂಸದಲ್ಲಿ ‘ಕರ್ನಾಟಕ ವಾರ್ತೆ’. ಪತ್ರಿಕೋದ್ಯಮ ಓದುತ್ತ ವಾರ್ತಾ ಮತ್ತು ಸಾರ್ವಜನಿಕ ಸಂಪರ್ಕ ಇಲಾಖೆಗೆ ಇಂಟರ್ನ್‌ಶಿಪ್‌ಗೆ ಬಂದವರ ಕೈಗೆ ಮೊದಲು ಬರುವುದೂ ಇದೇ. ಸಪ್ಪೆ ಕೆಲಸ ಎಂದು ಮೂಗು ಮುರಿಯುವವರೇ ಹೆಚ್ಚು. ಆದರೆ ಸರ್ಕಾರದ ಮಾತಿಗೂ ಕಡತಕ್ಕೂ ಎಷ್ಟು ದೂರ ಎಂದು ಅಳೆಯುವುದಕ್ಕೆ ಇಷ್ಟು ಹತ್ತಿರದ ಜಾಗ ಬೇರೆ ಸಿಗದು.

ಮೊದಲು ಕೈಕೆಲಸದ ಮಾತು. ಕನ್ನಡ ಟೈಪಿಂಗ್ ತಂತ್ರಾಂಶ ‘ನುಡಿ’ಯ ಹಳೇ ಆಸ್ಕಿ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ಹಾಗೇ ವಾಟ್ಸ್ಆ್ಯಪ್ ಗುಂಪಿಗೆ ಅಂಟಿಸಿದರೆ ಓದಲು ಬಾರದ ಇಂಗ್ಲಿಷ್ ಅಕ್ಷರಗಳ ರಾಶಿ ಬೀಳುತ್ತದೆ. ಯೂನಿಕೋಡ್‌ಗೆ ಪರಿವರ್ತಿಸಿಯೇ ಕಳಿಸಬೇಕು. ಪರಿವರ್ತನೆಯಲ್ಲಿ ಅರ್ಕಾವತ್ತು, ಒತ್ತಕ್ಷರಗಳು ಎಡವಟ್ಟಾಗುವುದುಂಟು. ಆದ್ದರಿಂದ ವ್ಯಕ್ತಿಗಳ, ಹಳ್ಳಿಗಳ ಹೆಸರನ್ನು ಕೊನೆಗೊಮ್ಮೆ ಒಂದೊಂದಾಗಿ ನೋಡಿ. ಹಳ್ಳಿಯ ಹೆಸರು ತಪ್ಪಿದ ಸುದ್ದಿಯನ್ನು ಆ ಹಳ್ಳಿಯವರು ಮರೆಯುವುದಿಲ್ಲ.

ನಿಜವಾದ ಪಾಠ ಇರುವುದು ಕ್ರಿಯಾಪದಗಳಲ್ಲಿ. ‘ಮಂಜೂರಾಗಿದೆ’, ‘ಬಿಡುಗಡೆಯಾಗಿದೆ’, ‘ಖರ್ಚಾಗಿದೆ’ ಇವು ಮೂರೂ ಬೇರೆ ಬೇರೆ. ಸರ್ಕಾರಿ ಯೋಜನೆಗಳ ಪ್ರಗತಿ ಪರಿಶೀಲಿಸುವ ಕೆಡಿಪಿ ಸಭೆಯ ವರದಿ ಕೈಗೆ ಸಿಕ್ಕಾಗ ‘ಶೇಕಡಾ’ ಎಂಬ ಕಾಲಂ ನೋಡುವ ಮೊದಲು ಅದನ್ನು ಯಾವುದರ ಮೇಲೆ ಲೆಕ್ಕ ಹಾಕಿದ್ದಾರೆ ಎಂದು ನೋಡಿ. ಒಂದು ಯೋಜನೆಗೆ ವರ್ಷದ ಹಂಚಿಕೆ 4 ಕೋಟಿ, ಬಿಡುಗಡೆ 1 ಕೋಟಿ, ಖರ್ಚು 95 ಲಕ್ಷ ಎಂದಿಟ್ಟುಕೊಳ್ಳಿ. ಬಿಡುಗಡೆಯ ಮೇಲೆ ಲೆಕ್ಕ ಹಾಕಿದರೆ ಸಾಧನೆ ಶೇ 95. ಹಂಚಿಕೆಯ ಮೇಲಾದರೆ ಶೇ 23.75. ಎರಡೂ ಸುಳ್ಳಲ್ಲ, ಪ್ರಕಟಣೆಗೆ ಹೋಗುವುದು ಮಾತ್ರ ಮೊದಲನೆಯದು. ‘ಆರ್ಥಿಕ ಪ್ರಗತಿ’ಯ ಪಕ್ಕದ ‘ಭೌತಿಕ ಪ್ರಗತಿ’ಯನ್ನೂ ಬಿಡಬೇಡಿ. ಹಣ ಪೂರ್ತಿ ಖರ್ಚಾಗಿ ಕೊಠಡಿ ಅರ್ಧಕ್ಕೆ ನಿಂತಿದ್ದರೆ ಸುದ್ದಿ ಅಲ್ಲೇ ಇದೆ.

ಸರ್ಕಾರಿ ಆದೇಶವನ್ನು ಕೆಳಗಿನಿಂದ ಮೇಲಕ್ಕೆ ಓದುವುದು ಒಳ್ಳೆಯ ಅಭ್ಯಾಸ. ಕೊನೆಯ ‘ಇವರಿಗೆ’ ಪಟ್ಟಿಯಲ್ಲಿ ಯಾರಿಗೆಲ್ಲ ಪ್ರತಿ ಹೋಗಿದೆ ಎಂದಿರುತ್ತದೆ. ನಾಳೆ ಫೋನ್ ಮಾಡಬೇಕಾದವರು ಅವರೇ. ಅದರ ಮೇಲೆ ‘ಕರ್ನಾಟಕ ರಾಜ್ಯಪಾಲರ ಆದೇಶಾನುಸಾರ ಮತ್ತು ಅವರ ಹೆಸರಿನಲ್ಲಿ’ ಎಂಬ ಸಾಲು, ಸಹಿ. ಇನ್ನೂ ಮೇಲೆ, ಹಣದ ಆದೇಶವಾದರೆ, ಆರ್ಥಿಕ ಇಲಾಖೆ ಯಾವ ಟಿಪ್ಪಣಿಯಲ್ಲಿ, ಯಾವ ದಿನ ಸಹಮತಿ ಕೊಟ್ಟಿತು ಎಂಬ ಉಲ್ಲೇಖ. ಹಣ ಯಾವ ಖಾತೆಯದು ಎಂದು ಹೇಳುವ ಸಂಖ್ಯೆಯೇ ಲೆಕ್ಕ ಶೀರ್ಷಿಕೆ. ಅದರ ಮೊದಲ ಅಂಕಿ 2 ಅಥವಾ 3 ಆಗಿದ್ದರೆ ಅದು ರಾಜಸ್ವ ವೆಚ್ಚ (ಸಂಬಳ, ನಿರ್ವಹಣೆಯಂಥ ದಿನನಿತ್ಯದ ಖರ್ಚು), 4 ಅಥವಾ 5 ಆಗಿದ್ದರೆ ಬಂಡವಾಳ ವೆಚ್ಚ (ಕಟ್ಟಡ, ರಸ್ತೆಯಂಥ ಆಸ್ತಿಯ ಖರ್ಚು). ಉದಾಹರಣೆಗೆ 2202 ಸಾಮಾನ್ಯ ಶಿಕ್ಷಣದ ರಾಜಸ್ವ ಶೀರ್ಷಿಕೆ. ಕಟ್ಟಡದ ಮಾತಾಡುತ್ತ 2ರ ಶೀರ್ಷಿಕೆ ತೋರಿಸಿದರೆ ಒಂದು ಪ್ರಶ್ನೆ ಕೇಳಬಹುದು.

ಗುದ್ದಲಿ ಪೂಜೆಯ ಫೋಟೊ ಬಂದಾಗಲೂ ಹಾಗೇ. ತಾತ್ವಿಕ ಒಪ್ಪಿಗೆ, ಆಡಳಿತಾತ್ಮಕ ಅನುಮೋದನೆ, ತಾಂತ್ರಿಕ ಮಂಜೂರಾತಿ, ಟೆಂಡರ್, ಕಾರ್ಯಾದೇಶ, ಇಷ್ಟು ಮೆಟ್ಟಿಲಿನಲ್ಲಿ ಕಾಮಗಾರಿ ಎಲ್ಲಿದೆ? ಗುತ್ತಿಗೆದಾರರಿಗೆ ಕೆಲಸ ಶುರುಮಾಡಿ ಎಂದು ಕೊಡುವ ಕಾರ್ಯಾದೇಶದ ಸಂಖ್ಯೆ, ದಿನಾಂಕ ಕೇಳಿ. ಅದಿಲ್ಲದಿದ್ದರೆ ಸದ್ಯಕ್ಕೆ ಅಲ್ಲಿರುವುದು ಗುದ್ದಲಿ ಮಾತ್ರ.

ಇಂಟರ್ನ್ ಆಗಿದ್ದಾಗ ಮೇಜಿನ ಮೇಲೆ ಕಂಡ ಕಡತದ ಫೋಟೊ ತೆಗೆದು ಹೊರಗೆ ಕಳಿಸುವುದು ತಪ್ಪು. ನಂಬಿ ಒಳಗೆ ಬಿಟ್ಟವರಿಗೆ ದ್ರೋಹ, ಮುಂದಿನ ವರ್ಷದ ವಿದ್ಯಾರ್ಥಿಗೆ ಬಾಗಿಲು ಬಂದ್. ಯಾವ ದಾಖಲೆಗೆ ಏನೆಂದು ಹೆಸರು, ಅದು ಯಾವ ಶಾಖೆಯಲ್ಲಿರುತ್ತದೆ ಎಂಬುದನ್ನು ಕಲಿತುಕೊಳ್ಳಿ, ಸಾಕು. ಆಮೇಲೆ ಅದನ್ನು ಯಾವ ನಾಗರಿಕರಾದರೂ ಮುಂಬಾಗಿಲಿನಿಂದಲೇ ಕೇಳಬಹುದು.

ಆ ಮುಂಬಾಗಿಲು 2005ರ ಮಾಹಿತಿ ಹಕ್ಕು ಕಾಯ್ದೆ. ಕರ್ನಾಟಕದಲ್ಲಿ ಅರ್ಜಿ ಶುಲ್ಕ 10 ರೂಪಾಯಿ, ಬಿಪಿಎಲ್‌ನವರಿಗೆ ಇಲ್ಲ. ರಾಜ್ಯದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದ. ಅರ್ಜಿಗಳು ಹೆಚ್ಚಾಗಿ ಸೋಲುವುದು ಕೇಳುವ ರೀತಿಯಲ್ಲಿ. ‘ನಮ್ಮೂರ ರಸ್ತೆ ಯಾಕಿನ್ನೂ ಆಗಿಲ್ಲ’ ಎಂದು ಬರೆದರೆ ‘ಇದು ಮಾಹಿತಿಯ ವ್ಯಾಪ್ತಿಗೆ ಬರುವುದಿಲ್ಲ’ ಎಂಬ ಒಂದು ಸಾಲಿನ ಹಿಂಬರಹ ಬರುತ್ತದೆ. ಕಾರಣ ಕೇಳಬೇಡಿ, ಕಾಗದ ಕೇಳಿ: ‘ಸದರಿ ಕಾಮಗಾರಿಯ ಅಂದಾಜು ಪಟ್ಟಿ, ಕಾರ್ಯಾದೇಶ, ಅಳತೆ ಪುಸ್ತಕದ ಸಂಬಂಧಿಸಿದ ಪುಟಗಳು, ಕಡತದ ಟಿಪ್ಪಣಿ ಹಾಳೆಗಳು, ಇವುಗಳ ದೃಢೀಕೃತ ಪ್ರತಿ’. ಕಾರಣ, ಅಧಿಕಾರಿಗಳು ಅಭಿಪ್ರಾಯ ಬರೆಯುವ ಟಿಪ್ಪಣಿ ಹಾಳೆಯಲ್ಲಿ ತಾನಾಗಿ ಸಿಗುತ್ತದೆ. ತಪ್ಪು ಕಚೇರಿಗೆ ಹಾಕಿದರೂ 5 ದಿನದೊಳಗೆ ಸರಿಯಾದಲ್ಲಿಗೆ ವರ್ಗಾಯಿಸುವುದು ಅವರ ಹೊಣೆ. ಉತ್ತರಕ್ಕೆ 30 ದಿನ. ಮೀರಿದರೆ ಮಾಹಿತಿ ಉಚಿತ. ಮೊದಲ ಮೇಲ್ಮನವಿಗೆ 30 ದಿನ, ಮಾಹಿತಿ ಆಯೋಗಕ್ಕೆ ಎರಡನೆಯದಕ್ಕೆ 90 ದಿನದ ಗಡುವು. ಅರ್ಜಿ ಕೊಟ್ಟ ದಿನವೇ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳದವರಿಗೆ ಈ ಲೆಕ್ಕ ಯಾವುದೂ ಉಪಯೋಗಕ್ಕೆ ಬಾರದು.

ಜಾತಿ, ಆದಾಯ ಪ್ರಮಾಣಪತ್ರದಂಥ ಸೇವೆಗೆ ಮಾಹಿತಿ ಹಕ್ಕಿನ ದಾರಿ ಸುತ್ತು. ಅದಕ್ಕೆ ಸರ್ಕಾರಿ ಸೇವೆಗಳನ್ನು ಗೊತ್ತಾದ ಗಡುವಿನಲ್ಲಿ ಕೊಡಿಸುವ ‘ಸಕಾಲ’ ಇದೆ. 15 ಅಂಕಿಯ ಸ್ವೀಕೃತಿ ಸಂಖ್ಯೆ ಪಡೆಯಿರಿ. ತಡವಾದರೆ ದಿನಕ್ಕೆ 20 ರೂಪಾಯಿ, ಗರಿಷ್ಠ 500 ಪರಿಹಾರಕ್ಕೆ ಅವಕಾಶವಿದೆ.

ಇಷ್ಟೆಲ್ಲ ಕಾಗದ ಹಿಡಿದು ಹೋಗಬೇಕಾದ ಜಾಗ ಜಮಾಬಂದಿ. ಗ್ರಾಮ ಪಂಚಾಯಿತಿಯ ಹಿಂದಿನ ವರ್ಷದ ಲೆಕ್ಕವನ್ನು ಜನರ ಮುಂದೆ ತೆರೆದಿಡುವ ಸಭೆ ಇದು, ಆಗಸ್ಟ್ 16ರಿಂದ ಸೆಪ್ಟೆಂಬರ್ 15ರೊಳಗೆ ಆಗಬೇಕು. ನಗದು ಪುಸ್ತಕ, ವೋಚರ್, ಕಾಮಗಾರಿ ಕಡತ ಮೇಜಿನ ಮೇಲಿರಬೇಕು. ವರದಿ ಮಾಡಲು ಹೋಗುವವರು ಜಮಾಬಂದಿ ತಂಡದ ಜತೆ ಕಾಮಗಾರಿಯ ಸ್ಥಳಕ್ಕೂ ನಡೆಯಬೇಕು, ಜೇಬಿನಲ್ಲೊಂದು ಅಳತೆ ಟೇಪು ಇಟ್ಟುಕೊಂಡು. ಅಳತೆ ಪುಸ್ತಕದಲ್ಲಿ ಚರಂಡಿಯ ಉದ್ದ, ಅಗಲ, ಆಳ ಮೂರೂ ಬರೆದಿರುತ್ತದೆ. ಉದ್ದ ಸಾಮಾನ್ಯವಾಗಿ ಸರಿಯಾಗಿಯೇ ಇರುತ್ತದೆ, ಅದು ಎಲ್ಲರ ಕಣ್ಣಿಗೂ ಬೀಳುವಂಥದ್ದು. ಟೇಪು ಇಳಿಸಬೇಕಾದ್ದು ಆಳಕ್ಕೆ.