ಮ್ಯಾಗ್ನಂ ರೈಫಲ್‌ನ ನಳಿಕೆ ಸವೆಯುವ ಬಗೆ

ನೂರು ಮೀಟರ್ ದೂರದ ಗುರಿಯಲ್ಲಿ ಐದು ಗುಂಡುಗಳನ್ನು ಒಂದು ಅಂಗುಲದೊಳಗೆ ಕೂಡಿಸುತ್ತಿದ್ದ ನನ್ನ ಮ್ಯಾಗ್ನಂ (ಮಾಮೂಲಿಗಿಂತ ಹೆಚ್ಚು ಮದ್ದಿನ ತೋಟೆ ಬಳಸುವ) ರೈಫಲ್ ಕ್ರಮೇಣ ಎರಡು ಅಂಗುಲಕ್ಕೆ ಹರಡತೊಡಗಿದಾಗ, ಬೋರ್‌ಸ್ಕೋಪ್ ಇಳಿಸಿ ನಳಿಕೆಯ ಒಳಭಾಗವನ್ನು ನೋಡಿದೆ. ತೋಟೆ ಕೂರುವ ಕೋಣೆಯ ಮುಂದೆ, ಗುಂಡನ್ನು ತಿರುಗಿಸುವ ಸುರುಳಿ ಗೀರುಗಳು ಶುರುವಾಗುವ ಗಂಟಲಿನಲ್ಲಿ, ಉಕ್ಕು ಬೇಸಿಗೆಯ ಕೆರೆಯಂಗಳದಂತೆ ಬಿರುಕು ಬಿಟ್ಟಿತ್ತು. ಅಲ್ಲಿಂದ ಒಂದು ಗೇಣು ಮುಂದಕ್ಕೆ ಹೋದರೆ ಗೀರುಗಳ ಅಂಚು ಹೊಸದರಂತೆ ಚೂಪಾಗಿಯೇ ಇದ್ದವು.

ಗುಂಡು ಉಜ್ಜಿ ಉಜ್ಜಿ ನಳಿಕೆ ಸವೆಯುತ್ತದೆ ಎಂದು ಬಹಳ ಮಂದಿ ನಂಬುತ್ತಾರೆ. ಹಾಗಿದ್ದರೆ ಗುಂಡಿನ ವೇಗ ಅತಿ ಹೆಚ್ಚಿರುವ ಬಾಯಿಯ ಕಡೆಯೇ ಮೊದಲು ಸವೆಯಬೇಕಿತ್ತು. ನಿಜವಾಗಿ ಸವೆಸುವುದು ಮುಖ್ಯವಾಗಿ ಬಿಸಿ. ಉರಿಯುವ ಮದ್ದಿನ ಅನಿಲ 2,000 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಉಕ್ಕು ಸುಮಾರು 1,500 ಡಿಗ್ರಿಗೇ ಕರಗುತ್ತದೆ. ಅನಿಲ ತಾಗುವುದು ಕ್ಷಣಮಾತ್ರವಾದ್ದರಿಂದ ನಳಿಕೆ ಕರಗದೆ ಉಳಿಯುತ್ತದೆಯಾದರೂ, ಅದರ ತೆಳುವಾದ ಮೇಲ್ಪದರ ಪ್ರತಿ ಸಲವೂ ಕಾದು, ಹಿಗ್ಗಿ, ತಟ್ಟನೆ ತಣಿದು, ಅನಿಲದ ಇಂಗಾಲವನ್ನು ಹೀರಿಕೊಂಡು ಪೆಡಸಾಗಿ, ಕೊನೆಗೆ ಬಿರಿದು ಚಕ್ಕೆಯೇಳುತ್ತದೆ. ಗುಂಡೊಂದು ನಳಿಕೆಯಲ್ಲಿ ಇರುವುದು ಸೆಕೆಂಡಿನ ಸಾವಿರದಲ್ಲೊಂದು ಭಾಗಕ್ಕಿಂತ ತುಸು ಹೆಚ್ಚು ಹೊತ್ತು. ಎರಡು ಸಾವಿರ ಗುಂಡು ಹಾರಿಸಿದ ನಳಿಕೆ ಒಟ್ಟಾರೆ ದುಡಿದದ್ದು ಮೂರು ಸೆಕೆಂಡಿಗಿಂತ ಕಡಿಮೆ ಎಂದು ಲೆಕ್ಕ ಹಾಕಿದ ದಿನ ನಾನು ದಂಗಾದೆ.

ಮ್ಯಾಗ್ನಂನಲ್ಲಿ ಇದು ತೀವ್ರವಾಗಲು ಕಾರಣ ಮದ್ದಿಗೂ ರಂಧ್ರಕ್ಕೂ ಇರುವ ಅನುಪಾತ. ಸಾಮಾನ್ಯ ತೋಟೆಯಾದ .308 ವಿಂಚೆಸ್ಟರ್ ಮತ್ತು 1963ರಲ್ಲಿ ಬಂದ .300 ವಿಂಚೆಸ್ಟರ್ ಮ್ಯಾಗ್ನಂ ಎರಡರ ರಂಧ್ರವೂ ಒಂದೇ ಅಳತೆಯದು. ಆದರೆ ಮೊದಲನೆಯದು ಸುಮಾರು 3 ಗ್ರಾಂ ಮದ್ದು ಸುಟ್ಟರೆ ಎರಡನೆಯದು ನಾಲ್ಕೂವರೆ ಗ್ರಾಂಗೂ ಹೆಚ್ಚು ಸುಡುತ್ತದೆ. ಅಷ್ಟೂ ಬೆಂಕಿ ಅದೇ ಕಿರಿದಾದ ಗಂಟಲಿನಿಂದ ನುಗ್ಗಬೇಕು. ಇನ್ನೂ ಸಣ್ಣ ರಂಧ್ರದ .264 ವಿಂಚೆಸ್ಟರ್ ಮ್ಯಾಗ್ನಂಗೆ ನಳಿಕೆ ಸುಡುವ ತೋಟೆಯೆಂಬ ಹೆಸರು ಅಂಟಿಕೊಂಡದ್ದೂ ಇದರಿಂದಲೇ. ಹತ್ತು ಗುಂಡುಗಳನ್ನು ಬಿಡುವಿಲ್ಲದೆ ಹಾರಿಸಿದರಂತೂ ಉಕ್ಕಿಗೆ ತಣಿಯುವ ಅವಕಾಶವೇ ಸಿಗುವುದಿಲ್ಲ. ನಳಿಕೆಯನ್ನು ಕೈಯಲ್ಲಿ ಹಿಡಿದಿರಲು ಆಗದಷ್ಟು ಬಿಸಿಯಾದ ಮೇಲೆ ನಾನು ನಳಿಕೆಯ ಹಿಂಬದಿ ಮುಚ್ಚುವ ಬೋಲ್ಟ್ ತೆರೆದಿಟ್ಟು ಕಾಯುತ್ತೇನೆ. ಈ ಅಭ್ಯಾಸವನ್ನು ಮೊದಲ ದಿನದಿಂದ ಪಾಲಿಸದೆ ಹೋದದ್ದಕ್ಕೆ ಇಂದಿಗೂ ಬೇಸರವಿದೆ.

ಹಾಗೆಂದು ಗುರಿ ತಪ್ಪಿದ ಕೂಡಲೇ ನಳಿಕೆಯನ್ನು ದೂರುವುದು ಸರಿಯಲ್ಲ. ಮ್ಯಾಗ್ನಂನ ಒದೆತಕ್ಕೆ ದುರ್ಬೀನಿನ ಹಿಡಿಕೆಯ ಸ್ಕ್ರೂಗಳೂ ಹಿಡಿಯನ್ನು ಬಿಗಿದ ಸ್ಕ್ರೂಗಳೂ ಸಡಿಲವಾಗುತ್ತವೆ, ಮರದ ಹಿಡಿ ತೇವ ಹೀರಿ ಉಬ್ಬಿ ನಳಿಕೆಗೆ ತಾಗುತ್ತದೆ, ಗಂಟಲಿನ ಹಿಂದೆ ಇಂಗಾಲದ ಗಟ್ಟಿ ಬಳೆ ಕಟ್ಟುತ್ತದೆ, ಗೀರುಗಳಲ್ಲಿ ತಾಮ್ರ ಮೆತ್ತಿಕೊಳ್ಳುತ್ತದೆ. ಇವೆಲ್ಲ ಸರಿಪಡಿಸಬಹುದಾದ ದೋಷಗಳು. ನಳಿಕೆಯ ಬಾಯಂಚಿಗೆ ಪೆಟ್ಟಾಗುವುದು ಮಾತ್ರ ಗಂಭೀರ, ಏಕೆಂದರೆ ಗುಂಡು ಹೊರಬೀಳುವ ಕ್ಷಣದಲ್ಲಿ ಅನಿಲ ಒಂದು ಬದಿಯಿಂದ ಮೊದಲು ನುಸುಳಿದರೆ ಗುಂಡು ವಾಲುತ್ತದೆ. ಮಾರ್ಗದರ್ಶಕ ಕೊಳವೆಯಿಲ್ಲದೆ ಶುಚಿಗೊಳಿಸುವ ಸರಳನ್ನು ಬಾಯಿಯ ಕಡೆಯಿಂದ ತೂರಿಸುವವರು ತಮಗರಿವಿಲ್ಲದೆ ಈ ಹಾನಿ ಮಾಡುತ್ತಾರೆ. ಒದೆತಕ್ಕೆ ಹೆದರಿ ಬಂದೂಕಿನ ಕುದುರೆ (ಟ್ರಿಗರ್) ಎಳೆಯುವ ಮೊದಲೇ ಭುಜ ಸೆಟೆಯುವುದೂ ಉಂಟು. ನನಗದು ತಿಳಿದದ್ದು ಗೆಳೆಯರೊಬ್ಬರು ನನ್ನ ತೋಟೆಗಳ ನಡುವೆ ಗುಟ್ಟಾಗಿ ಮದ್ದಿಲ್ಲದ ಒಂದು ಡಮ್ಮಿ ತೋಟೆ ಸೇರಿಸಿದಾಗ: ಸದ್ದೇ ಬರದಿದ್ದರೂ ನಳಿಕೆಯ ತುದಿ ಕೆಳಗೆ ಕುಕ್ಕಿತು.

ನನ್ನ ರೈಫಲ್‌ನಲ್ಲಿ ಸ್ಕ್ರೂ ಬಿಗಿದು, ಇಂಗಾಲ ಮತ್ತು ತಾಮ್ರ ತೆಗೆದ ಮೇಲೆ ಗುರಿಯ ಮೇಲಿನ ಗುಂಡುಗಳ ಗುಂಪು ಒಂದೂವರೆ ಅಂಗುಲಕ್ಕೆ ಬಂತು. ಉಳಿದದ್ದು ಗಂಟಲಿನ ಸವೆತ. ಗೀರುಗಳು ಹಿಂದಿಗಿಂತ ಮುಂದೆ ಶುರುವಾಗುವುದರಿಂದ ಗುಂಡು ಆಸರೆಯಿಲ್ಲದೆ ಅಷ್ಟು ದೂರ ಜಿಗಿದು ಓರೆಯಾಗಿ ಹಿಡಿತಕ್ಕೆ ಸಿಕ್ಕುತ್ತಿದೆ. ಗುಂಡನ್ನು ತೋಟೆಯಲ್ಲಿ ಮುಂದಕ್ಕೆ ಕೂರಿಸೋಣವೆಂದರೆ ತೋಟೆಗಳನ್ನು ತುಂಬುವ ಮ್ಯಾಗಜೀನಿನ ಉದ್ದ ಅಡ್ಡಬರುತ್ತದೆ. ಹೊಸ ನಳಿಕೆಗೆ ಹೇಳಿದ್ದೇನೆ.